ನಮೂನೆಯ ಮೂರನೇ ಸಾಲು

ತಾರ್ತು, ಬೆಳಗಿನ ಏಳು. ಎಮಾಯೋಗಿ ನದಿಯ ಮೇಲಿನ್ನೂ ಮಂಜು.
ಹುಟ್ಟುಹಾಕಿ ಬಂದ ಕೆರ್ತು ತೋಳು ಚಾಚಿದಳು,
ಅಂಗೈ ತುಂಬ ಗುಳ್ಳೆ.
"ನಿನ್ನೆ ಏನು ತಿಂದೆ?"
ಕೇಳಲೇಬೇಕು, ನಮೂನೆಯ ಮೂರನೇ ಸಾಲು.
ಬಸ್ ನಿಲ್ದಾಣದ ಚಿಪ್ಸು, ಎರಡು ಕೋಲಾ,
ನಡುರಾತ್ರಿ, ಅಜ್ಜಿ ಕಳಿಸಿದ ಕರಿ ರೊಟ್ಟಿಯ ತುದಿ,
ಅದರ ಮೇಲೆ ಒಂದೇ ಒಂದು ಉಪ್ಪುಮೀನು.

ಕೊಳವೆಯೊಳಗೆ ಕೆಂಪು ಏರಿತು, ಎಲ್ಲರದರ ಹಾಗೇ.
ಬೂದಿ ಮುಚ್ಚಿದ ಕೆಂಡ:
ಇಪ್ಪತ್ತೊಂದರ ಮೈಗೆ ಬಿಸಿ ತಾಗದು,
ಯಂತ್ರಕ್ಕೆ ತಾಗುತ್ತದೆ, ದಶಾಂಶದಾಚೆ ಎರಡಂಕಿಯಷ್ಟು.

"ಇಷ್ಟು ಹುಟ್ಟುಹಾಕಿದರೆ ಎಲ್ಲ ಸುಟ್ಟುಹೋಗುತ್ತಲ್ಲ?" ನಕ್ಕಳು.
ಸುಡುತ್ತಿರುವುದೂ ಅದೇ, ಎನ್ನಲಿಲ್ಲ.
ಹತ್ತಿ ಒತ್ತಿ ಹಿಡಿ, ಅಂದೆ.
ನಾನೂ ಅದೇ ದೋಣಿಯಲ್ಲಿ ಕೂತವಳು;
ನಲವತ್ತೆರಡರ ನನ್ನ ಬೆರಳ ಗಿಣ್ಣುಗಳ ಬಾವು
ಕೈಗವಸಿನೊಳಗೆ ಸುಮ್ಮನಿತ್ತು.

ಬಾಗಿಲಾಚೆ ಯಾವುದೋ ಪೊಟ್ಟಣ
ಪರಕ್ಕನೆ ಹರಿಯಿತು.