ಎಂಟನೆಯ ಗಾಡಿ

ಭಾನುವಾರ ಲೇತ್ ಮಷೀನಿಗೆ ರಜೆ.
ಜೇಬಲ್ಲಿ ಬ್ಯಾಟರಿ,
ಬಣ್ಣದ ಕೆಳಗೆ ತಗಡೋ ಪುಟ್ಟಿಯೋ ನೋಡಲು
ಅಯಸ್ಕಾಂತದ ಒಂದು ಚೂರು,
ಖಾನೆ ಎಳೆದ ನಲವತ್ತು ಪುಟದ ನೋಟ್‌ಬುಕ್ಕು.
ಪಿ.ಬಿ. ರಸ್ತೆ ಹಿಡಿದು ಆನಗೋಡು, ಭರಮಸಾಗರ,
ಒಮ್ಮೊಮ್ಮೆ ಜಗಳೂರಿನ ಆಚೆ
ಬಸ್ಸು ತಿರುಗಿಸಿಕೊಳ್ಳುವ ಜಾಗದವರೆಗೆ.

"ಹಳೇ ಗಾಡಿ ಐತೇನ್ರಿ" ಅಂತ ಕೇಳಬಾರದು.
ಕೇಳಿದರೆ ತುಕ್ಕಿಗೂ ಚಿನ್ನದ ರೇಟು.
ನೀರು ಕೇಳಬೇಕು.
ತಂಬಿಗೆ ಎತ್ತಿ ಕುಡಿಯುವಾಗ
ಕಣ್ಣು ತಾನಾಗಿ ಹಿತ್ತಿಲ ಕಡೆ ಹೋಗುತ್ತದೆ:
ಗೋಣಿಚೀಲದಡಿ ಎಮ್ಮೆ ಮಲಗಿದಂಥ ಆಕಾರ,
ಅಥವಾ ಕೋಳಿಯೊಂದು ಅಷ್ಟು ಎತ್ತರದಲ್ಲಿ
ಅಷ್ಟು ಆರಾಮಾಗಿ ಕಾವಿಗೆ ಕೂತಿದ್ದರೆ
ಕೆಳಗೆ ಸೀಟಿದೆ ಅಂತ ಅರ್ಥ.

ಸಿಕ್ಕಿದ್ದು ಕಡಿಮೆ.
ಹೊಳಲ್ಕೆರೆಯಲ್ಲಿ ಒಂದರ ಟ್ಯಾಂಕು ಸೀಮೆಎಣ್ಣೆ ಡಬ್ಬಿಯಾಗಿತ್ತು,
ಅದರ ಹೆಡ್‌ಲೈಟು ಬ್ಯಾಂಡ್‌ಸೆಟ್ಟಿನವರ ತಳ್ಳುಗಾಡಿಯಲ್ಲಿ,
ಇಂಜಿನ್ನು ಯಾವ ಊರಿನ ಖಾರ ಕುಟ್ಟುತ್ತಿದೆಯೋ.
ಬಿಳಿಚೋಡಿನ ಕಂಪೌಂಡರ್ ಚನ್ನವೀರಯ್ಯನವರು
"ಬುಲೆಟ್ಟಾ? ಹೋದ ತಿಂಗಳು ಗುಜರಿಗೆ ಹಾಕಿದ್ವಲ್ಲ,
ಕಿಲೋಕ್ಕೆ ಇಪ್ಪತ್ತೆರಡು" ಅಂದರು.
ನನ್ನ ಮುಖ ನೋಡಿ, ಸಾವಿನ ಮನೆಯವನಿಗೆ ಹೇಳುವಂತೆ
ಸಮಾಧಾನ ಹೇಳಿ ಚಾ ಕುಡಿಸಿದರು.

ನೋಟ್‌ಬುಕ್ಕಿನಲ್ಲಿ ಸಿಕ್ಕವು ಏಳು.
ಸತ್ಯ ಹೇಳುತ್ತೇನೆ, ಏಳೂ ಮಾರಿದೆ.
ಒಂದು ಯಾವುದೋ ಹೋಟೆಲಿನ ಗೋಡೆಗೆ ನೇತುಬಿದ್ದಿದೆ,
ಚಕ್ರದ ಕೆಳಗೆ ಕೂತು ಜನ ಪಿಜ್ಜಾ ತಿನ್ನುತ್ತಾರೆ.
ಉಳಿದವು ಗಾಜಿನ ಹಿಂದೆ,
ಪೆಟ್ರೋಲಿನ ಹನಿ ಮುಟ್ಟದೆ, ಮಡಿಯಲ್ಲಿ.

ಎಂಟನೆಯದು ನನ್ನ ಲೇತಿನಿಂದ ಮೂರೇ ಓಣಿ ಆಚೆ,
ಮಂಡಕ್ಕಿ ಭಟ್ಟಿಯಲ್ಲಿ.
ಇಪ್ಪತ್ತು ವರ್ಷ ಅದೇ ಬಾಗಿಲಲ್ಲಿ ನಿಂತು ಮಂಡಕ್ಕಿ ಅಳೆಸಿಕೊಂಡಿದ್ದೇನೆ,
ಒಳಗೆ ಕತ್ತು ಹಾಕಿರಲಿಲ್ಲ.
ಹೊಟ್ಟಿನ ಮೂಟೆಗಳ ಹಿಂದೆ ಮಸಿ ಹಿಡಿದ ಜಾವ.
ಟ್ಯಾಂಕಿನ ಮೇಲೆ ಬೆರಳು ಎಳೆದೆ:
ಕಪ್ಪಿನೊಳಗೆ ಒಂದು ಗೆರೆ ಕ್ರೋಮು,
ಅದರೊಳಗೆ ನನ್ನ ಮೂಗು.

ಒಲೆಗೆ ಹೊಟ್ಟು ತಳ್ಳುತ್ತಿದ್ದ ಮಸ್ತಾನ್‌ಬಿ
ತಿರುಗದೆ ಕೇಳಿದರು:
"ಓಡಿಸ್ತೀಯೋ, ಇಡ್ತೀಯೋ?"
ಬೆಲೆ ಬಾಯಿಗೆ ಬಂದಿತ್ತು, ನುಂಗಿಕೊಂಡೆ.
ಸ್ಟಾರ್ಟ್ ಆಗತ್ತಾ ನೋಡ್ತೀನಿ, ಅಂದೆ.
ಒದ್ದೆ. ಒದ್ದೆ. ಅಂಗಿಯೂ ಒದ್ದೆ.
ಗಾಡಿ ಕೆಮ್ಮಲೂ ಇಲ್ಲ.

"ಸರಿ ಆ ಕಡೆ."
ಸೆರಗು ಸಿಕ್ಕಿಸಿ, ಪಾನಾ ಹಿಡಿದು ಪ್ಲಗ್ಗು ಬಿಚ್ಚಿದರು,
ಬಾಣಲೆಯ ಕಾದ ಮರಳಲ್ಲಿ ಹೂತರು.
ಒಂದು ಹಿಡಿ ಅಕ್ಕಿ ಅರಳಿ ಮುಗಿಯುವಷ್ಟು ಕಾದು
ಮಂಡಕ್ಕಿಯ ಜೊತೆಗೇ ಜರಡಿ ಹಿಡಿದರು:
ಬಿಳಿಯ ನಡುವೆ ಕರ್ರಗೆ ಒಂದು ಹಲ್ಲು.
"ತಿಂಗಳಿಗೊಂದ್ಸಲ ಎಬ್ಬಿಸ್ತೀನಿ. ಅವರಿದ್ದಾಗ
ರಾಣೆಬೆನ್ನೂರು ಸಂತೆಗೆ ಆರು ಚೀಲ,
ಚೀಲದ ಮೇಲೆ ನಾನು.
ಮಂಡಕ್ಕಿಗೇನು ತೂಕ, ಎದುರು ಗಾಳಿಗೆ
ಗಾಡಿನೇ ಹಿಂದಕ್ಕೆ ಹೋಗ್ತೇನೋ ಅನ್ನೋದು."
ಮಾತು ಮುಗಿಯುವ ಮೊದಲೇ ಒದ್ದರು.

ಹತ್ತಿತು.
ಮರಳಲ್ಲಿ ಅಕ್ಕಿ ಸಿಡಿಯುವುದು,
ಪಕ್ಕದಲ್ಲಿ ಇಂಜಿನ್ನು ಸಿಡಿಯುವುದು,
ಯಾವುದು ಯಾವುದೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ.
ಸೂರಿನ ಮಸಿ ಉದುರಿ
ಇಬ್ಬರ ನರೆತ ತಲೆಗೂ ಹರೆಯ ಬಂತು.

"ಈಗ ಹೇಳು" ಅಂದರು.
ನಾನು ಎರಡು ಸೇರು ಮಂಡಕ್ಕಿ ಕಟ್ಟಿಸಿಕೊಂಡು ಬಂದೆ.

ರಾತ್ರಿ ಗೋವಾದ ಗಿರಾಕಿಯ ಫೋನು:
ಏನಾದರೂ ಸಿಕ್ಕಿತಾ?
ನೋಟ್‌ಬುಕ್ಕು ತೊಡೆಯ ಮೇಲಿತ್ತು.
ಎಂಟು, ಅಂತ ಬರೆದೆ. ಜಾವ. ದಾವಣಗೆರೆ.
ಕೊನೆಯ ಖಾನೆಯಲ್ಲಿ, ಸಿಕ್ಕಿಲ್ಲ.

ಹೆಂಡತಿ ಒಗ್ಗರಣೆ ಮಂಡಕ್ಕಿ ತಂದಿಟ್ಟು
"ಪೆಟ್ರೋಲ್ ವಾಸನೆ ಹೊಡೀತೈತಿ, ಯಾವ ಭಟ್ಟಿದು ಇದು?" ಅಂದಳು.
ಮಿರ್ಚಿ ಕಚ್ಚಿಕೊಂಡು ಸುಮ್ಮನಾದೆ.