ಒಂದು ಸಾಲಿನ ವಿನಾಯಿತಿ

ನಿಯಮ ಹದಿನೇಳು: ಲೂಪಿನೊಳಗೆ ಕಾಯಬಾರದು.
ಬರೆದವರು ಕಾಲ್ಯು, ಆರು ವರ್ಷದ ಹಿಂದೆ,
ಎರಡೇ ಬೆರಳಲ್ಲಿ ಕುಟ್ಟುತ್ತ.
ಕಡತಗಳನ್ನೆಲ್ಲ ಒಟ್ಟಿಗೆ ಕೂಗಿ ಕರೆ,
ಬರುವವು ಬರಲಿ, ಬಂದ ಹಾಗೆ ಬರಲಿ.
ತಾಳಿದವನು ಬಾಳಿಯಾನು ಎಂಬ ಮಾತು
ಹದಿನೇಳರ ಮುಂದೆ ನಡೆಯದು:
ತಾಳಿದ ಸಾಲಿನಡಿ ಕೆಂಪು ಅಲೆಗೀಟು.

ಪ್ಯಾರ್ನು ಬಂದರಿನ ಕಚೇರಿ, ಮೂರನೆಯ ಮಹಡಿ.
ಉರ್ವೆ ಬಿಡಿಸುತ್ತಿರುವುದು ದೀಪಸ್ತಂಭದ ದಿನಚರಿ.
ನಲವತ್ತೊಂದು ವರ್ಷ, ತಿಂಗಳಿಗೊಂದು ಕಡತ.
ಯಾರೋ ಟೈಪಿಸಿ, ಯಾರೂ ಓದದೆ ಬಿಟ್ಟದ್ದು:
ಗಾಳಿ ಯಾವ ಕಡೆಯದು,
ಕೊಲ್ಲಿಯ ಮಂಜುಗಡ್ಡೆ ಎಷ್ಟು ದಪ್ಪ.

ಕಾವಲುಗಾರ ಪ್ರೀಡಿಕ್ ಮಾತಿನಲ್ಲಿ ಜಿಪುಣ.
ಒಂದು ದಿನ ಅಳೆದು ಬರೆದನೆಂದರೆ
ಮರುದಿನ ಬರೀ "ನಿನ್ನೆಯಂತೆ."
ಆಮೇಲೆ "ನಿನ್ನೆಗಿಂತ ಎರಡು ಸೆಂಟಿ ಹೆಚ್ಚು."
ತಿಂಗಳು ತಿರುಗಿ ಹೊಸ ಹಾಳೆ ತೆರೆದರೂ
ಮೊದಲ ಸಾಲು ಅದೇ,
ನಿನ್ನೆಯಂತೆ.

ಉರ್ವೆ ನಿಯಮ ಮೀರಲಿಲ್ಲ, ಎಲ್ಲವನ್ನೂ ಒಮ್ಮೆಗೇ ಕರೆದಳು.
ನಾಲ್ಕು ಸೆಕೆಂಡು. ಗೀಟಿಲ್ಲ. ಹಸಿರೋ ಹಸಿರು.
ಪಟ್ಟಿ ತೆರೆದರೆ
ಜುಲೈಯಲ್ಲಿ ಕೊಲ್ಲಿ ಹೆಪ್ಪುಗಟ್ಟಿ ಕೂತಿದೆ,
ಜನವರಿಯಲ್ಲಿ ನೀರು ತುಳುಕುತ್ತಿದೆ.
ಬೇಸಿಗೆಯ ಹಾಳೆಗಳು ತೆಳು
(ಪ್ರೀಡಿಕ್ ಮೀನಿಗೆ ಹೋಗಿರುತ್ತಿದ್ದ),
ಹಗುರಾದವು ಮೊದಲು ಓಡಿ ಬಂದು
"ನನ್ನ ನಿನ್ನೆ ಎಲ್ಲಿ?" ಎಂದು ತಡಕಾಡಿ
ಕೈಗೆ ಸಿಕ್ಕ ಯಾರದೋ ನಿನ್ನೆಯನ್ನು
ತೊಟ್ಟುಕೊಂಡು ನಿಂತಿದ್ದವು.

"ಈ ಒಂದು ಫೈಲಿಗೆ ನಿಯಮ ತೆಗೆದುಬಿಡಿ" ಎಂದಳು.
ಕಾಲ್ಯು ಕಾಫಿ ಕೆಳಗಿಟ್ಟರು. ಹಳೆಯ ಗಾಯವೊಂದಿದೆ ಅವರಿಗೆ:
ಒಂದರ ಹಿಂದೊಂದು ಕಾಯುತ್ತ ಕಾಯುತ್ತ
ದೋಣಿಯ ವೇಳಾಪಟ್ಟಿ ಬೆಳಗಿನವರೆಗೂ ಸಿದ್ಧವಾಗದೆ
ದ್ವೀಪಕ್ಕೆ ಹೋಗುವವರು ಕಟ್ಟೆಯ ಮೇಲೆ
ಹಾಲಿನ ಡಬ್ಬಗಳ ಸಮೇತ ನಡುಗಿದ್ದರು.
"ಬಾಗಿಲನ್ನೇ ಕಿತ್ತರೆ ಚಳಿ ನನ್ನೊಬ್ಬನಿಗಲ್ಲ.
ನೋಡು, ತರುವುದು ಬೇರೆ, ತಿಳಿಯುವುದು ಬೇರೆ.
ಎಲ್ಲವನ್ನೂ ಒಟ್ಟಿಗೇ ತರಿಸು,
ಬಂದವನ್ನು ಅವುಗಳ ಗೂಡಿನಲ್ಲೇ ಇಡು,
ಆಮೇಲೆ ಮೊದಲಿನಿಂದ ಓದು.
ಕೈಯಲ್ಲಿರುವುದನ್ನು ಓದಲು ಯಾರನ್ನು ಕಾಯಬೇಕು?"

ಉರ್ವೆಗೆ ನಾಚಿಕೆ, ಕೊಂಚ ಸಿಟ್ಟು ಕೂಡ,
ಇಷ್ಟು ಸುಲಭದ್ದು ತನಗೆ ಹೊಳೆಯಲಿಲ್ಲವೆಂದು.
ತಿದ್ದಿದಳು. ಜನವರಿಗೆ ಮಂಜು ಮರಳಿತು.
ಸಂಜೆ ನಾಲ್ಕಕ್ಕೇ ಕಿಟಕಿಯಾಚೆ ಕತ್ತಲು.

ಮುಗಿಯಿತೆನ್ನುವಾಗ ಇಪ್ಪತ್ತಾರನೆಯ ವರ್ಷ,
ಫೆಬ್ರವರಿ ಮೂರು. ಪ್ರೀಡಿಕನಿಗೆ ಜ್ವರ.
"ಇವತ್ತಿನದು ಬಂದರಿನ ಪುಸ್ತಕದಲ್ಲಿದೆ, ನೋಡಿಕೊಳ್ಳಿ."
ಆ ಪುಸ್ತಕ ಇರುವುದು ಬೇರೆ ಊರಿನ ಸರ್ವರಿನಲ್ಲಿ,
ಬೇಕೆಂದು ಗೊತ್ತಾಗುವುದೇ ಈ ಸಾಲಿಗೆ ಬಂದ ಮೇಲೆ.
ಲೂಪಿನ ನಟ್ಟನಡುವೆ ನಿಲ್ಲಬೇಕು,
ಉತ್ತರ ಬರುವ ತನಕ.
ಮತ್ತೆ ಕೆಂಪು.

ಕಾಲ್ಯು ಕುರ್ಚಿ ಎಳೆದುಕೊಂಡು ಕುಳಿತು
ಬಹಳ ಹೊತ್ತು ಆ ಗೀಟನ್ನೇ ನೋಡಿದರು.
"ಇದಕ್ಕೆ ನಿಯಮ ನಾನು ಬರೆದಿಲ್ಲ.
ಈ ಸಾಲಿಗೆ ಮಾತ್ರ ವಿನಾಯಿತಿ ಕೊಡು. ಕಾರಣ ಬರೆ."

ಉರ್ವೆ ಬರೆದಳು: ಜ್ವರದ ಕಥೆ, ಪುಸ್ತಕದ ವಿಳಾಸ,
ಯಾಕೆ ಇಲ್ಲಿ, ಯಾಕೆ ಇದೊಂದೇ.
ಬರೆದದ್ದರ ಅಡಿಗೂ ಕೆಂಪು ಗೀಟು:
ನಿಯಮ ನಾಲ್ಕು, ಸಾಲಿಗೆ ಎಂಬತ್ತೇ ಅಕ್ಷರ.
ಕಾಲ್ಯು ಕೆಮ್ಮಿ ನಗು ಮರೆಸಿಕೊಂಡರು.
ಅವಳು ವಿಳಾಸ ಅಳಿಸಿದಳು, ಜ್ವರ ಅಳಿಸಿದಳು,
ಅಳಿಸುತ್ತ ಅಳಿಸುತ್ತ
ಪ್ರೀಡಿಕನ ಕೈಯೇ ತನ್ನ ಕೈಗೆ ಬಂದಂತೆ
ಎರಡು ಪದಕ್ಕೆ ನಿಂತಳು:

ನಿನ್ನೆ ಬರಲಿ.