ಕಲಾಯಿ

ಹನ್ನೊಂದನೇ ಮಂಚದ ಪ್ಯಾರೇಜಾನ್ ಸಾಹೇಬರಿಗೆ
ಮತ್ತೆ ಚಳಿಜ್ವರ.
ಹಲ್ಲು ಕಟಕಟ, ಎರಡು ಕಂಬಳಿ ಸಾಲದು,
ಚೀಲಕ್ಕೆ ಇಳಿದದ್ದು ಅಕ್ಕಿ ತೊಳೆದ ನೀರಿನ ಬಣ್ಣ.
ನೋಡುವ ಮೊದಲೇ ನನಗೆ ಗೊತ್ತಿತ್ತು.
ಇಪ್ಪತ್ತೆರಡು ವರ್ಷದಿಂದ ಹಾಸನದ ದೊಡ್ಡಾಸ್ಪತ್ರೆಯಲ್ಲಿ
ಗಂಡಸರ ವಾರ್ಡಿನ ಮೂಗು ನಾನು.

ಕೊಳವೆ ಒಳಗೆ ಹೋಗುವಾಗ ಶುದ್ಧವೇ.
ಪೊಟ್ಟಣ ಹರಿದು, ಗ್ಲೌಸು ತೊಟ್ಟು,
ಉಸಿರು ಬಿಗಿಹಿಡಿದು ಹಾಕಿದವಳು ನಾನೇ.
ಆದರೂ ಬರುತ್ತವೆ. ಮೊದಲು ಒಂದು ಬಂದು ಕೂರುತ್ತದೆ,
ಅದರ ಬೆನ್ನಿಗೆ ಬಳಗ;
ಬಾವಿಯ ಮೆಟ್ಟಿಲ ಲೋಳೆಯ ಹಾಗೆ
ತಮ್ಮ ಮೇಲೆ ತಾವೇ ಚಾದರ ಹೊದ್ದು ಮಲಗುತ್ತವೆ.
ಆಮೇಲೆ ಯಾವ ಇಂಜೆಕ್ಷನ್ ಕೂಗಿದರೂ
ಓಗೊಡುವುದಿಲ್ಲ.

ಈ ವಾರ ಸ್ಟೋರಿಗೆ ಹೊಸ ಡಬ್ಬ ಬಂದಿದೆ.
ಒಳಗೆ ಬೆಳ್ಳಿ ಲೇಪದ ಕೊಳವೆ, ಆರೇ ಆರು.
ಬೆಲೆ ಕೇಳಿದ ದಿನದಿಂದ ಸ್ಟೋರಿನ ಚನ್ನಿಗಪ್ಪ
ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದಾನೆ.

ಹಣೆಗೆ ಒದ್ದೆ ಬಟ್ಟೆ ಇಡುತ್ತ ಹೇಳಿದೆ:
ರಬ್ಬರಿನ ಮೈಗೆ ಬೆಳ್ಳಿ ಸವರಿರ್ತಾರೆ ಸಾಹೇಬರೇ,
ಕ್ರಿಮಿ ಬಂದರೆ ಕೂರೋಕೆ ಜಾಗ ಸಿಗಬಾರದು ಅಂತ.
ಮುಚ್ಚಿದ ಕಣ್ಣು ತೆರೆಯಿತು.
'ಕಲಾಯಿ ಅನ್ನಮ್ಮ.'

ಆ ಒಂದು ಮಾತಿಗೆ ಜ್ವರದಲ್ಲೇ ಎದ್ದು ಕೂತರು.
ಪೆನ್ಷನ್ ಮೊಹಲ್ಲಾದ ಮೂಲೆ, ನೆಲದಲ್ಲಿ ಕುಳಿ,
ಕಾಲಲ್ಲಿ ತಿದಿ, ಬುಸ್ ಬುಸ್.
ಕಾದ ತಾಮ್ರಕ್ಕೆ ನವಸಾಗರ ಎರಚಿದರೆ ಬಿಳಿ ಹೊಗೆ,
ತವರದ ಕಡ್ಡಿ ಮುಟ್ಟಿಸಿ, ಅರಳೆಯಲ್ಲಿ ಒಂದೇ ಸುತ್ತು—
ಕೊಪ್ಪರಿಗೆಯೊಳಗೆ ಹುಣ್ಣಿಮೆ!
ಹೊಳೆನರಸೀಪುರದ ಛತ್ರದವರು
ಲಗ್ನಕ್ಕೆ ಮುಂಚೆ ಗಾಡಿ ತುಂಬ ಪಾತ್ರೆ ಕಳಿಸುತ್ತಿದ್ದರಂತೆ.
ಸ್ಟೀಲು ಬಂತು. ಕುಳಿಗೆ ಮಣ್ಣು ಬಿತ್ತು.
ಆಮೇಲೆ ಛತ್ರಿ ರಿಪೇರಿ.

ಪಕ್ಕದ ಮಂಚದಿಂದ ಶಾಂತಿಗ್ರಾಮದ ಜವರೇಗೌಡ,
ಯಾರೂ ಕೇಳದಿದ್ದರೂ:
'ಬಿತ್ತನೆ ಆಲೂಗೆಡ್ಡೆನೂ ಔಷಧಿ ನೀರಲ್ಲಿ ಅದ್ದೇ ಊರೋದು.
ಕೊಳೆಯೋದು ಕೊಳೀತದೆ.'

'ಎಷ್ಟು ದಿನ ತಡೀತದೆ ನಿಮ್ಮ ಕಲಾಯಿ?'
ಒಂದು ವಾರ ಇರಬಹುದು, ಅಂದೆ.
ಅದರಾಚೆ ಡಾಕ್ಟರುಗಳಲ್ಲೇ ಒಮ್ಮತವಿಲ್ಲ.
ಸಾಹೇಬರು ನಕ್ಕರು, ನಗು ಕೆಮ್ಮಾಯಿತು.
'ಕಲಾಯಿ ಇದೆ ಅಂತ ಹುಳಿಸಾರನ್ನ
ತಾಮ್ರದಲ್ಲೇ ಬೆಳಗಿನತನಕ ಬಿಡ್ತಾರೇನಮ್ಮ?
ಊಟ ಮುಗೀತಿದ್ದಂಗೆ ಬಗ್ಗಿಸಿ ಇಡಬೇಕು.
ನಂದು ಹರ್ನಿಯಾ ಕೊಯ್ದು ಹೊಲಿದಾಯ್ತು.
ಇದು ಇನ್ನೂ ಯಾಕಿದೆ?'

ಕೇಸ್ ಶೀಟ್ ತಿರುವಿದೆ.
ಹಾಕಿದ ತಾರೀಖು ಇತ್ತು, ನನ್ನದೇ ಅಕ್ಷರ. ಒಂಬತ್ತು ದಿನ.
ತೆಗೆಯಿರಿ ಎಂದು ಯಾರೂ ಬರೆದಿರಲಿಲ್ಲ,
ತೆಗೆಯಲೇ ಎಂದು ನಾನೂ ಕೇಳಿರಲಿಲ್ಲ.
ನಲವತ್ತು ಮಂಚಕ್ಕೆ ರಾತ್ರಿ ಇಬ್ಬರೇ.
ಕೊಳವೆ ಇದ್ದವನು ಮಧ್ಯರಾತ್ರಿ ಕರೆಯುವುದಿಲ್ಲ,
ಹಾಸಿಗೆ ಒದ್ದೆಯಾಗುವುದಿಲ್ಲ.
ಸಾಹೇಬರ ಮೈಯ ಮೂಲಕ
ನನ್ನ ನಿದ್ದೆ ತೊಟ್ಟಿಕ್ಕುತ್ತಿತ್ತು.

ಡಾಕ್ಟರಿಗೆ ಫೋನು ಮಾಡಿದೆ, ಹಿಂಜರಿಯದೆ.
ಬೆಳಿಗ್ಗೆ ಆರಕ್ಕೆ ಬಲೂನಿನ ನೀರು ಸಿರಿಂಜಿಗೆಳೆದು
ಮೆಲ್ಲಗೆ ಹೊರತೆಗೆದೆ.
ತುದಿಯಲ್ಲಿ ಮಬ್ಬು ಪೊರೆ, ಉಗುರಿಗೆ ಹತ್ತುವಷ್ಟು.

ಹತ್ತು ಗಂಟೆಯಾದರೂ ಆಗಲಿಲ್ಲ.
ನಲ್ಲಿ ಬಿಟ್ಟೆ. ಮಗುವಿಗೆ ಮಾಡುವಂತೆ ಸ್ಸ್ಸ್ ಅಂದೆ,
ಜವರೇಗೌಡ ಗೋಡೆ ಕಡೆ ತಿರುಗಿ ಮಲಗಿದ.
ಹತ್ತೂ ಮುಕ್ಕಾಲಿಗೆ ಪರದೆಯ ಹಿಂದೆ
ಸ್ಟೀಲಿನ ಪಾತ್ರೆಗೆ ತಂತಿಯಷ್ಟು ಸಣ್ಣ ಸದ್ದು,
ನಿಂತಿತು, ಮತ್ತೆ ಬಂತು.
'ತೆಳು ತಗಡು' ಅಂದರು ಸಾಹೇಬರು,
ಪಾತ್ರೆಯ ಬಗ್ಗೆ.

ನಾಲ್ಕನೇ ಮಂಚದಲ್ಲಿ ಆಲೂರಿನ ಹುಡುಗನಿದ್ದಾನೆ,
ತೆಂಗಿನಮರದಿಂದ ಬಿದ್ದು ಬೆನ್ನು ಮುರಿದವನು.
ಅವನದನ್ನು ತೆಗೆಯುವಂತಿಲ್ಲ, ಸದ್ಯಕ್ಕೆ.
ಚನ್ನಿಗಪ್ಪನ ಹತ್ತಿರ ಜಗಳವಾಡಿ
ಬೆಳ್ಳಿಯದೊಂದನ್ನು ಬಿಡಿಸಿಕೊಂಡು ಬಂದೆ.
ಹಾಕಿ, ತೊಡೆಗೆ ಅಂಟಿಸಿದ ಟೇಪಿನ ಮೇಲೆ
ದಪ್ಪ ಪೆನ್ನಲ್ಲಿ ತಾರೀಖು ಬರೆದೆ,
ಹಾಕಿದ್ದಲ್ಲ,
'ಇನ್ನೂ ಯಾಕಿದೆ' ಎಂದು ಮತ್ತೆ ಕೇಳಬೇಕಾದ್ದು.